ಎಪ್ಪತ್ತೈದು ನಿಮಿಷದ ಲೆಕ್ಕ

ರಾತ್ರಿ ಹತ್ತೂವರೆ ಆದಮೇಲೆ ನಮ್ಮನೇಲಿ ರೈಲು ಓಡುತ್ತೆ. ಮಗಳು ಮಲಗಿರ್ತಾಳೆ. ಅಮ್ಮ ಬಿಪಿ ಮಾತ್ರೆ ನುಂಗಿ ರೂಮಿನ ದೀಪ ಆರಿಸಿರ್ತಾರೆ. ನಾನು ಅಡುಗೆಮನೆ ಕಟ್ಟೆ ಒರೆಸಿ, ದೋಸೆ ಹಿಟ್ಟಿಗೆ ತಟ್ಟೆ ಮುಚ್ಚಿ, ಹಳೇ ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡು ಸೋಫಾದ ಮೂಲೆಯಲ್ಲಿ ಕೂರುತ್ತೇನೆ. ಅದರ ಫ್ಯಾನ್ ಗರ್ರ್ ಅಂತ ಶುರುವಾದ ಕೂಡಲೇ ಒಳಗಿಂದ ಅಮ್ಮನ ದನಿ ಬರುತ್ತೆ: "ಮೂವತ್ತೊಂದು ವರ್ಷ ಆಯ್ತು ನಿಂಗೆ. ಇನ್ನೂ ಆಟ!"

ಆಟದ ಹೆಸರು ಎ-ಟ್ರೈನ್. ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗ ಹಚ್ಚಿಸಿದ ಚಟ. ಜಪಾನಿನ ಆರ್ಟ್‌ಡಿಂಕ್ ಕಂಪನಿ ಇದರ ಮೊದಲ ಆವೃತ್ತಿಯನ್ನು ತಂದದ್ದು 1985ರಲ್ಲಿ, ಅಂದರೆ ಆಟ ನನಗಿಂತ ದೊಡ್ಡದು. 1992ರಲ್ಲಿ ಅದರ ಮೂರನೆಯ ಆವೃತ್ತಿಯನ್ನು ಸಿಮ್‌ಸಿಟಿ ಮಾಡಿದ ಮ್ಯಾಕ್ಸಿಸ್‌ನವರು ಅಮೆರಿಕದಲ್ಲಿ ಬಿಡುಗಡೆ ಮಾಡಿದರು. ನಾನು ಆಡೋದು 2021ರಲ್ಲಿ ಬಂದದ್ದು. ಪರಿಣತರು ಕೇಳಿದರೆ ನಗಬಹುದು, ನನ್ನ ಕಂಪನಿ ಇಲ್ಲಿಯವರೆಗೆ ಎರಡು ಸಲ ದಿವಾಳಿ ಆಗಿದೆ.

ಊರು ಕಟ್ಟುವ ಆಟಗಳನ್ನು ನೀವು ಆಡಿರಬಹುದು. ಸಾಮಾನ್ಯವಾಗಿ ಅವುಗಳಲ್ಲಿ ನೀವೇ ಮೇಯರ್. ಇಲ್ಲಿ ಮನೆ, ಅಲ್ಲಿ ಫ್ಯಾಕ್ಟರಿ ಅಂತ ಬಣ್ಣ ಬಳಿದರೆ ಸಾಕು, ಊರು ಎದ್ದು ನಿಲ್ಲುತ್ತೆ. ಎ-ಟ್ರೈನ್‌ನಲ್ಲಿ ನೀವು ಬರೀ ಒಂದು ರೈಲ್ವೆ ಕಂಪನಿಯ ಯಜಮಾನ. ಊರಿನ ಮೇಲೆ ನಿಮಗೆ ಯಾವ ಅಧಿಕಾರವೂ ಇಲ್ಲ. ಹಳಿ ಹಾಕಬಹುದು, ಸ್ಟೇಷನ್ ಕಟ್ಟಬಹುದು, ಯಾವ ಗಾಡಿ ಎಷ್ಟು ಗಂಟೆಗೆ ಹೊರಡಬೇಕು ಅಂತ ವೇಳಾಪಟ್ಟಿ ಬರೆಯಬಹುದು. ರೈಲು ಎರಡನ್ನು ಹೊರುತ್ತೆ, ಒಂದು ಜನ, ಇನ್ನೊಂದು ಕಟ್ಟಡ ಸಾಮಗ್ರಿ. ಸ್ಟೇಷನ್ ಪಕ್ಕದಲ್ಲಿ ಸಾಮಗ್ರಿಯ ರಾಶಿ ಬಿದ್ದ ಮೇಲೆ, ಜನ ಬಂದು ಇಳಿಯತೊಡಗಿದ ಮೇಲೆ, ಊರು ತಾನಾಗೇ ಬೆಳೆಯುತ್ತೆ. ಮೊದಲು ನಾಲ್ಕು ಹೆಂಚಿನ ಮನೆ, ಆಮೇಲೆ ಅಂಗಡಿ, ಒಂದಿನ ನೋಡಿದರೆ ಹತ್ತು ಮಹಡಿ. ಹೊಸೂರು ರಸ್ತೆಯಲ್ಲಿ ರಾತ್ರಿ ಹೊತ್ತು ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂ-ಸ್ಯಾಂಡ್, ಜಲ್ಲಿ, ಸಿಮೆಂಟ್ ಹೊತ್ತ ಲಾರಿಗಳು ಸಾಲುಗಟ್ಟಿ ಹೋಗ್ತಿರುತ್ತವೆ. ಅವು ಎಲ್ಲಿ ತಿರುಗುತ್ತವೋ ಅಲ್ಲಿ ಮುಂದಿನ ವರ್ಷ ಅಪಾರ್ಟ್‌ಮೆಂಟ್.

ಟಿಕೆಟ್ ಕಾಸಿನಿಂದ ಆಟದಲ್ಲಿ ಯಾರೂ ಉದ್ಧಾರ ಆಗಲ್ಲ. ನಾನು ಮೊದಲ ಸಲ ದಿವಾಳಿ ಆದದ್ದು ಇದು ಗೊತ್ತಿಲ್ಲದೇ. ಎಂಟು ಗಾಡಿ ಬಿಟ್ಟು, ತುಂಬಿ ತುಳುಕಿಸಿ, ವರ್ಷದ ಕೊನೆಗೆ ನೋಡಿದರೆ ನಷ್ಟ. ಗುಟ್ಟು ಇರೋದು ಜಾಗದಲ್ಲಿ. ಸ್ಟೇಷನ್ ಕಟ್ಟುವುದಕ್ಕೆ ಮೊದಲು ಸುತ್ತಲ ಜಾಗ ಕೊಂಡಿಟ್ಟುಕೊಳ್ಳಬೇಕು. ರೈಲು ಬಂದು ಬೆಲೆ ಏರಿದ ಮೇಲೆ ಅದರ ಮೇಲೆ ಬಾಡಿಗೆ ಕಟ್ಟಡವನ್ನೋ ಅಂಗಡಿಯನ್ನೋ ಎಬ್ಬಿಸಬೇಕು, ಇಲ್ಲಾ ಮಾರಬೇಕು. ಆಮೇಲೆ ಗೊತ್ತಾಯ್ತು, ಇದು ಆಟದವರ ಕಲ್ಪನೆ ಅಲ್ಲ. ಜಪಾನಿನಲ್ಲಿ ಕೊಬಯಾಶಿ ಇಚಿಝೋ ಅಂತ ಒಬ್ಬರಿದ್ದರು. ಒಸಾಕಾ ಹತ್ತಿರ ಜನವೇ ಇಲ್ಲದ ಕಡೆಗೆ ಅವರ ಕಂಪನಿ 1910ರಲ್ಲಿ ರೈಲು ಬಿಟ್ಟಿತು. ಜನ ಇಲ್ಲದಿದ್ದರೇನು ಅಂತ ಹಳಿ ಪಕ್ಕದಲ್ಲೇ ಮನೆ ಕಟ್ಟಿಸಿ ಕಂತಿನ ಮೇಲೆ ಮಾರಿದರು. ಒಂದು ತುದಿಯ ತಕರಾಝುಕಾದಲ್ಲಿ ಹುಡುಗಿಯರದೇ ಒಂದು ನಾಟಕ ತಂಡ ಕಟ್ಟಿದರು. ಇನ್ನೊಂದು ತುದಿಯ ಉಮೇದಾ ಸ್ಟೇಷನ್ನಿನಲ್ಲಿ 1929ರಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದರು. ವಾರಪೂರ್ತಿ ಆಫೀಸಿಗೆ, ಭಾನುವಾರ ನಾಟಕಕ್ಕೆ, ಎಲ್ಲದಕ್ಕೂ ಅವರದೇ ರೈಲು. ಆ ಕಂಪನಿ ಹನ್‌ಕ್ಯೂ ಅನ್ನೋ ಹೆಸರಲ್ಲಿ ಇವತ್ತಿಗೂ ಇದೆ. ಎ-ಟ್ರೈನ್ ಆಡುವವರೆಲ್ಲ ಆಡುತ್ತಿರೋದು ಅವರ ಲೆಕ್ಕದ ಪುಸ್ತಕವನ್ನೇ.

ಈ ಪಾಠ ನಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ. ಹೆಬ್ಬಗೋಡಿ ಕಡೆ ನಮ್ಮದು ಆರು ಗುಂಟೆ ಇತ್ತಂತೆ. ಅಕ್ಕನ ಮದುವೆಗೆ ಮಾರಿದರು. ಈಗ ಆ ಜಾಗದಿಂದ ಮೆಟ್ರೋ ಸ್ಟೇಷನ್ನಿಗೆ ನಡೆದುಕೊಂಡು ಹೋಗಬಹುದು. ಅಮ್ಮ ಆ ವಿಷಯ ಎತ್ತಲ್ಲ, ಎತ್ತಿದರೆ ಅಕ್ಕನಿಗೆ ಬೇಜಾರಾಗುತ್ತೆ.

ಬಾಡಿಗೆಯ ವಿಷಯ ಮಾತ್ರ ಎಲ್ಲರೂ ಎತ್ತುತ್ತಾರೆ. ಚಂದಾಪುರದಲ್ಲಿ ನಾವಿರೋದು ಎರಡು ರೂಮಿನ ಬಾಡಿಗೆ ಮನೆ. ಮೆಟ್ರೋ ಶುರುವಾದ ಮರುತಿಂಗಳು ಓನರ್ ಅಂಕಲ್ ಬಾಗಿಲಿಗೆ ಬಂದು, ಕಾಫಿ ಕುಡಿದು, ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ಮೆಟ್ರೋ ಬಂತಲ್ಲಮ್ಮ, ಎರಡು ಸಾವಿರ ಜಾಸ್ತಿ ಮಾಡ್ಕೊಂಡು ಕೊಡಿ." ಮೆಟ್ರೋ ಬಂದಿರೋದು ಬೊಮ್ಮಸಂದ್ರದ ತನಕ, ಚಂದಾಪುರಕ್ಕಲ್ಲ. ಅಲ್ಲಿಂದ ಇಲ್ಲಿಗೆ ಸ್ಕೂಟರಿನಲ್ಲಿ ಕಾಲು ಗಂಟೆ. ಬಾಡಿಗೆ ಮಾತ್ರ ಮೆಟ್ರೋಗಿಂತ ಮುಂದೆ ಬಂದು ನಿಂತಿದೆ. ಆಟದಲ್ಲಿ ಆಗಿದ್ದರೆ ನಾನು ಓನರ್ ಅಂಕಲ್ ಜಾಗದಲ್ಲಿರುತ್ತಿದ್ದೆ ಅಂತ ಹೊಟ್ಟೆ ಉರಿಯಿತು, ನಿಜ.

ಇರಲಿ. ನಾನು ಈ ವಾರ ಬರೆಯಹೊರಟಿದ್ದು ಬಾಡಿಗೆ ಬಗ್ಗೆ ಅಲ್ಲ.

ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅಮ್ಮ ಆನೇಕಲ್‌ನವರು, ಮಗು ನೋಡಿಕೊಳ್ಳೋದಕ್ಕೆ ಅಂತ ನಮ್ಮ ಜತೆ ಬಂದಿದ್ದಾರೆ. ಅವರ ಡಾಕ್ಟರು, ಅವರ ತಂಗಿ, ಅವರ ದೇವಸ್ಥಾನ ಎಲ್ಲ ಈ ಕಡೆಯೇ. ನನ್ನ ಗಂಡ ಗುಬ್ಬಿ ಕಡೆಯವರು, ಕೆಲಸ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ. ಸಿಎನ್‌ಸಿ ಪ್ರೋಗ್ರಾಮಿಂಗ್. ಬೆಂಗಳೂರಿನ ನಕ್ಷೆ ನೋಡಿದವರಿಗೆ ಗೊತ್ತು, ಈ ಎರಡು ಊರನ್ನು ಯಾರೋ ಜಗಳ ಬಿಡಿಸಿ ಒಂದೊಂದು ಮೂಲೆಗೆ ಕೂರಿಸಿದ ಹಾಗಿದೆ. ಪೀಣ್ಯದಲ್ಲಿ ಲೇತು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರು. 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಹೊಸೂರು ರಸ್ತೆಯಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಅಂತ ಶುರು ಮಾಡಿದಾಗ, ಮುಂದೊಂದು ದಿನ ಪೀಣ್ಯದವನು ಇಲ್ಲಿಯವಳನ್ನು ಮದುವೆ ಆಗ್ತಾನೆ ಅಂತ ಯಾರು ಲೆಕ್ಕ ಹಾಕಿದ್ದರು?

ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಮಧ್ಯೆ ಇರಲಿ ಅಂತ ಬನಶಂಕರಿಯಲ್ಲಿ ಮನೆ ಮಾಡಿದ್ದೆವು. ಇಬ್ಬರಿಗೂ ದೂರ ಆಯ್ತು, ಬಾಡಿಗೆಯೂ ಕೈಗೆಟುಕಲಿಲ್ಲ. ಮಗು ಹುಟ್ಟಿದ ಮೇಲೆ ಚಂದಾಪುರಕ್ಕೆ ಬಂದೆವು. ಇವರು ಬಸ್ಸಿನಲ್ಲಿ ನಾಲ್ಕು ತಿಂಗಳು ಓಡಾಡಿ ನೋಡಿದರು. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸು ನಿಂತಾಗ ಫೋನ್ ಮಾಡಿದರೆ, ನಾನು ಕುಕ್ಕರ್ ಇಟ್ಟು, ಇಳಿಸಿ, ಊಟ ಮಾಡಿ, ಪಾತ್ರೆ ತೊಳೆದು ಮುಗಿಸಿದರೂ ಬಸ್ಸು ಬೊಮ್ಮನಹಳ್ಳಿ ದಾಟಿರ್ತಿರಲಿಲ್ಲ. ಶಿಫ್ಟ್ ಬೇರೆ. ಬೆಳಗ್ಗೆ ಆರಕ್ಕೆ ಪೀಣ್ಯದಲ್ಲಿರಬೇಕು ಅಂದರೆ ಇಲ್ಲಿ ಮೂರೂವರೆಗೆ ಎದ್ದೇಳಬೇಕು. ಕೊನೆಗೆ ದಾಸರಹಳ್ಳಿಯಲ್ಲಿ ಚಿಕ್ಕಪ್ಪನ ಮಗನ ರೂಮಿನಲ್ಲಿ ಒಂದು ಮಂಚ ಹಾಕಿಕೊಂಡರು. ಶನಿವಾರ ಸಾಯಂಕಾಲ ಬರೋದು, ಭಾನುವಾರ ರಾತ್ರಿ ಹೋಗೋದು. ಎರಡು ವರ್ಷ ಹೀಗೇ ನಡೆಯಿತು. ದುಬೈಗೆ ಹೋದವರ ಹೆಂಡತಿಯರಿಗಾದರೂ ಹೇಳಿಕೊಳ್ಳೋದಕ್ಕೆ ಒಂದು ಹೆಸರಿದೆ. ಒಂದೇ ಊರಿನಲ್ಲಿದ್ದು ವಾರಕ್ಕೊಂದು ದಿನ ಬರುವ ಗಂಡನಿಗೆ ಏನಂತ ಹೇಳೋದು?

ಜುಲೈ ತಿಂಗಳ ಒಂದು ಭಾನುವಾರ. ಇವರು ಬ್ಯಾಗಿಗೆ ಇಸ್ತ್ರಿ ಬಟ್ಟೆ ತುಂಬಿಸ್ತಾ ಇದ್ದರು. ನಾಲ್ಕು ವರ್ಷದ ಮಗಳು ಪಕ್ಕದಲ್ಲಿ ನಿಂತು, ಬಹಳ ಮರ್ಯಾದೆಯಿಂದ, ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು: "ಅಪ್ಪ, ನೀವೀಗ ನಿಮ್ಮನೆಗೆ ಹೋಗ್ತೀರಾ?"

ಇವರು ಏನೂ ಹೇಳಲಿಲ್ಲ. ಜಿಪ್ ಎಳೆದರು. ಅದು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು, ಅದನ್ನೇ ಸರಿ ಮಾಡ್ತಾ ಬಹಳ ಹೊತ್ತು ಕೂತಿದ್ದರು.

ಅದಾಗಿ ಮೂರು ವಾರಕ್ಕೆ, 2025ರ ಆಗಸ್ಟ್ 10ಕ್ಕೆ, ಹಳದಿ ಮಾರ್ಗ ಉದ್ಘಾಟನೆ ಆಯ್ತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರ, 19.15 ಕಿಲೋಮೀಟರ್, 16 ಸ್ಟೇಷನ್. ಆರ್.ವಿ. ರೋಡಿನಲ್ಲಿ ಇಳಿದು ಹಸಿರು ಮಾರ್ಗ ಹತ್ತಿದರೆ ಸೀದಾ ಪೀಣ್ಯ. ಹಸಿರು ಮಾರ್ಗ ಪೀಣ್ಯಕ್ಕೆ 2014ರಲ್ಲೇ ಬಂದಿತ್ತು. ಹನ್ನೊಂದು ವರ್ಷ ಅದು ಆ ಕಡೆ ಓಡ್ತಾ ಇತ್ತು, ನಾವು ಈ ಕಡೆ ಕಾಯ್ತಾ ಇದ್ದೆವು.

ಉತ್ಸಾಹದಲ್ಲಿ ಮರುದಿನವೇ ಲೆಕ್ಕ ಹಾಕೋಣ ಅಂತ ಕೂತರೆ, ಗಾಡಿ ಬರೋದು 25 ನಿಮಿಷಕ್ಕೊಂದು! ಇಷ್ಟು ವರ್ಷ ಕಾದು ಕಟ್ಟಿದ ಮಾರ್ಗ, ಮೂರೇ ರೈಲು. ಆಫೀಸಿನಲ್ಲಿ ಎಲ್ಲರೂ ಬೈದರು. ನಾನೂ ಬೈದೆ. ರಾತ್ರಿ ಫೋನಿನಲ್ಲಿ ಇವರಿಗೆ ಹೇಳಿದರೆ ಅವರು ಬೈಯಲಿಲ್ಲ, ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಸೈಕಲ್ ಟೈಮ್ ಎಪ್ಪತ್ತೈದು" ಅಂದರು.

"ಏನ್ರೀ ಅದು?"

"ನಮ್ ಶಾಪಲ್ಲಿ ಲೆಕ್ಕ ಹಾಕಲ್ವೇನೇ, ಹಂಗೇ. ಒಂದು ಪೀಸ್ ಮೆಷಿನ್ ಮೇಲೆ ಕೂತು ಇಳಿಯೋಕೆ ಎಪ್ಪತ್ತೈದು ನಿಮಿಷ ಅಂತಿಟ್ಕೋ. ಮೂರು ಮೆಷಿನ್ ಇದ್ರೆ ಇಪ್ಪತ್ತೈದು ನಿಮಿಷಕ್ಕೊಂದು ಪೀಸ್ ಬರುತ್ತೆ. ಒಂದು ರೈಲು ಬೊಮ್ಮಸಂದ್ರದಿಂದ ಹೋಗಿ, ತಿರುಗಿ, ವಾಪಸ್ ಬರೋಕೆ ಎಪ್ಪತ್ತೈದು. ನಾಲ್ಕನೇದು ಬಂದ್ರೆ ಹತ್ತೊಂಬತ್ತು. ಐದನೇದಕ್ಕೆ ಹದಿನೈದು."

ಆಟದಲ್ಲಿ ನಾನು ತಿಂಗಳುಗಟ್ಟಲೆ ತಡಕಾಡಿದ್ದ ವಿಷಯವನ್ನು ಈ ಮನುಷ್ಯ ಮಂಚದ ಮೇಲೆ ಮಲಗಿಕೊಂಡೇ ಹೇಳಿಬಿಟ್ಟರು. ಒಂದು ಗಾಡಿ ಇದ್ದರೆ 75 ನಿಮಿಷ ಕಾಯಬೇಕು. ಎರಡಾದರೆ 37. ಅಂದರೆ ಎರಡನೇ ಗಾಡಿ ಒಂದೇ ಏಟಿಗೆ ಮೂವತ್ತೇಳು ನಿಮಿಷ ಉಳಿಸುತ್ತೆ. ಮೂರನೆಯದು ಹನ್ನೆರಡು, ನಾಲ್ಕನೆಯದು ಆರು, ಐದನೆಯದು ನಾಲ್ಕೇ ನಾಲ್ಕು ನಿಮಿಷ. ಗಾಡಿಯ ಬೆಲೆ ಮಾತ್ರ ಅಷ್ಟೇ! ಮೊದಲ ದಿವಾಳಿಯಲ್ಲಿ ಎಂಟು ಗಾಡಿ ಬಿಟ್ಟು ಮುಳುಗಿದ್ದು ಯಾಕೆ ಅಂತ ಅವತ್ತು ಅರ್ಥ ಆಯ್ತು. ಗಾಡಿ ಸೇರಿಸೋದಕ್ಕಿಂತ ಕೊನೇ ಸ್ಟೇಷನ್ನಿನಲ್ಲಿ ಅದು ಸುಮ್ಮನೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡಿದರೂ ಕಾಯೋದು ಕಡಿಮೆಯಾಗುತ್ತೆ ಅಂತಲೂ ಇವರೇ ಹೇಳಿದರು. ಶಾಪಿನಲ್ಲಿ ಪೀಸು ಏರಿಸಿ ಇಳಿಸುವ ಹೊತ್ತು ಅಂತ ಒಂದಿದೆಯಂತೆ, ಎಲ್ಲ ಮ್ಯಾನೇಜರುಗಳೂ ಮೊದಲು ಕಣ್ಣಿಡೋದು ಅದರ ಮೇಲೆ.

ಸೆಪ್ಟೆಂಬರಿನಲ್ಲಿ ನಾಲ್ಕನೇ ರೈಲು ಬಂತು. ಪೇಪರಿನಲ್ಲಿ ಓದಿದೆ, 19 ನಿಮಿಷಕ್ಕೊಂದು. ನಾನು ಆ ಸುದ್ದಿಯ ಫೋಟೋ ತೆಗೆದು ಇವರಿಗೆ ಕಳಿಸಿದೆ. ಉತ್ತರವಾಗಿ ಬರೀ ಹೆಬ್ಬೆರಳು ಬಂತು.

ಆದರೆ ಆಟಕ್ಕೂ ನಮಗೂ ಇರುವ ದೊಡ್ಡ ವ್ಯತ್ಯಾಸ ಸ್ಟೇಷನ್ನಿನ ಆಚೆ ಶುರುವಾಗುತ್ತೆ. ಆಟದಲ್ಲಿ ಸ್ಟೇಷನ್ ಸುತ್ತ ಇರುವ ಕಟ್ಟಡದ ಜನ ತಾವಾಗೇ ಬಂದು ರೈಲು ಹತ್ತುತ್ತಾರೆ. ಮಳೆ ಇಲ್ಲ, ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕಿಲ್ಲ, ಹತ್ತು ರೂಪಾಯಿ ಚಿಲ್ಲರೆಗೆ ಜಗಳ ಆಡುವ ಆಟೋ ಇಲ್ಲ. ಪೀಣ್ಯದಲ್ಲಿ ಮೆಟ್ರೋ ಮೇಲೆ ಓಡುತ್ತೆ, ಫ್ಯಾಕ್ಟರಿ ಒಳಗಡೆ ಇರುತ್ತೆ. ಮಧ್ಯದ ಎರಡು ಕಿಲೋಮೀಟರ್‌ನಲ್ಲಿ ಸರಳು ತುಂಬಿದ ಲಾರಿಗಳ ಪಕ್ಕದಲ್ಲಿ ಶೇರ್ ಆಟೋದಲ್ಲಿ ಮೊಣಕಾಲು ಮಡಚಿ ಕೂರಬೇಕು. ಎಲ್ಲ ಸೇರಿಸಿದರೆ ಮನೆ ಬಾಗಿಲಿನಿಂದ ಶಾಪಿನ ಗೇಟಿಗೆ ಎರಡು ಗಂಟೆ, ಅದೂ ಎಲ್ಲ ಸರಿಯಾಗಿ ಕೂಡಿ ಬಂದರೆ. ಹೋಗಿ ಬರೋಕೆ ನಾಲ್ಕು.

ನಾಲ್ಕು ಗಂಟೆ ಅಂದಕೂಡಲೇ ಅಮ್ಮ, "ಅಳಿಯಂದ್ರು ಮನುಷ್ಯರೋ, ಟಪಾಲೋ?" ಅಂದರು.

ನನಗೆ ಮಾರಿಕುಪ್ಪಂ ಅಕ್ಕ ನೆನಪಾದರು. ಮೊದಲ ಕೆಲಸ ವೈಟ್‌ಫೀಲ್ಡ್‌ನಲ್ಲಿ ಮಾಡುವಾಗ ನಮ್ಮ ಕ್ಯಾಂಟೀನಿನಲ್ಲಿ ಒಬ್ಬರಿದ್ದರು, ಕೆಜಿಎಫ್ ಕಡೆಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನಕ್ಕೆ ಬೆಂಗಳೂರೇ ಗಣಿ. ಕತ್ತಲಲ್ಲಿ ಎದ್ದು ಹೊರಟು ಕತ್ತಲಲ್ಲಿ ಮನೆ ಸೇರುವವರು. ಅವರಿಗೆ ರೈಲಿನಲ್ಲಿ ಒಂದು ಗುಂಪಿತ್ತು. ಸೊಪ್ಪು ಬಿಡಿಸುತ್ತಿದ್ದರು, ಹೂ ಕಟ್ಟುತ್ತಿದ್ದರು, ಯಾರದೋ ಮಗಳ ಸೀಮಂತವನ್ನೂ ಬೋಗಿಯಲ್ಲೇ ಮಾಡಿದ್ದರಂತೆ. "ಟೈಮಿಗೆ ಬಂದ್ರೆ ದೂರ ಏನೂ ಅಲ್ಲಮ್ಮ" ಅನ್ನುತ್ತಿದ್ದರು. ಅವರ ಮಾತಿನಲ್ಲಿ ತೂಕ ಇದ್ದದ್ದು "ಟೈಮಿಗೆ ಬಂದ್ರೆ" ಅನ್ನೋದರ ಮೇಲೆ.

ಅದೇ ಆಫೀಸಿನ ಗೆಳತಿ ಕಾಡುಗೋಡಿಯವಳು. ಅವಳ ಕತೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ 13.71 ಕಿಲೋಮೀಟರ್ ಮೆಟ್ರೋ ಶುರುವಾಯ್ತಲ್ಲ, ಆ ಕಡೆ ಬೈಯಪ್ಪನಹಳ್ಳಿಯಿಂದ ಮೊದಲೇ ಓಡುತ್ತಿತ್ತು. ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ಬಾಕಿ. ರೈಲ್ವೆ ಹಳಿ ಮೇಲೆ ಕಬ್ಬಿಣದ ಸೇತುವೆ ಕೂರಿಸಬೇಕಿತ್ತು. ಅಕ್ಟೋಬರ್ 9ರವರೆಗೆ ಅವಳು ಒಂದು ಮೆಟ್ರೋ ಇಳಿದು, ಬಸ್ಸು ಹತ್ತಿ, ಇನ್ನೊಂದು ಮೆಟ್ರೋ ಹತ್ತಿದಳು. ಎರಡು ವಾರ ಮಾಡಿ, ಬಿಟ್ಟು, ಮತ್ತೆ ಸ್ಕೂಟಿ ತೆಗೆದಳು. ಸೇತುವೆ ಕೂತ ಮಾರನೇ ದಿನದಿಂದ ಸ್ಕೂಟಿ ಮೂಲೆಗೆ. ನಾನೂ ಆಟದಲ್ಲಿ ಒಂದು ಸಲ ದುಡ್ಡು ಸಾಲದೇ ನದಿಯ ಎರಡೂ ದಡಕ್ಕೆ ಹಳಿ ಹಾಕಿ ಸೇತುವೆ ಬಿಟ್ಟಿದ್ದೆ. ಎರಡೂ ಕಡೆ ಖಾಲಿ ಗಾಡಿ. ಸಾಲ ಮಾಡಿ ಸೇತುವೆ ಕಟ್ಟಿದ ವಾರವೇ ಎರಡೂ ತುಂಬಿದವು. ನಕ್ಷೆಯಲ್ಲಿ ಎರಡು ಕಿಲೋಮೀಟರ್ ಅಂದರೆ ಒಂದು ಉಗುರಿನಷ್ಟೂ ಇರಲ್ಲ.

ನಮ್ಮ ಮನೆಗೆ ಮೆಟ್ರೋಗಿಂತ ಹತ್ತಿರದ ಸ್ಟೇಷನ್ ಒಂದಿದೆ, ಗೊತ್ತಾ? ಹೀಲಲಿಗೆ. ಸೇಲಂ ಮಾರ್ಗದ ಮೇಲಿದೆ. ಬಹುಕಾಲ ಒಂಟಿ ಹಳಿಯಾಗಿದ್ದ ಮಾರ್ಗ. ಒಂಟಿ ಹಳಿ ಅಂದರೇನು ಅಂತ ಎ-ಟ್ರೈನ್ ಆಡಿದವರನ್ನು ಕೇಳಿ. ಆ ಕಡೆಯ ಗಾಡಿ ಬಂದು ಪಕ್ಕದ ಹಳಿಗೆ ಸರಿಯುವ ತನಕ ಈ ಕಡೆಯದು ಸ್ಟೇಷನ್ನಿನಲ್ಲೇ ತಪಸ್ಸು ಮಾಡಬೇಕು. ಹತ್ತು ಗಾಡಿ ಕೊಂಡರೂ ಓಡಿಸೋದಕ್ಕೆ ಆಗೋದು ನಾಲ್ಕೇ. ಬೈಯಪ್ಪನಹಳ್ಳಿಯಿಂದ ಹೊಸೂರಿಗೆ 48 ಕಿಲೋಮೀಟರ್ ಜೋಡಿ ಹಳಿ ಮಾಡುವ ಕೆಲಸವನ್ನು ಕೆ-ರೈಡ್‌ನವರು ಕೈಗೆತ್ತಿಕೊಂಡರು. ಉಪನಗರ ರೈಲಿನ ನಾಲ್ಕು ಮಾರ್ಗದಲ್ಲಿ ಒಂದು ಹೀಲಲಿಗೆಯಿಂದಲೇ ರಾಜಾನುಕುಂಟೆಗೆ. ಅದರ ಹೆಸರು ಕನಕ. ಉಳಿದವು ಸಂಪಿಗೆ, ಮಲ್ಲಿಗೆ, ಪಾರಿಜಾತ. ಹೆಸರಿಟ್ಟವರಿಗೆ ನನ್ನ ನಮಸ್ಕಾರ, ಹೂಮಾರುಕಟ್ಟೆಯಲ್ಲಿ ನಿಂತ ಹಾಗಾಗುತ್ತೆ. ಒಟ್ಟು 148 ಕಿಲೋಮೀಟರ್. 2022ರ ಜೂನ್ 20ಕ್ಕೆ ಶಂಕುಸ್ಥಾಪನೆ ಆದಾಗ 40 ತಿಂಗಳು ಅಂದಿದ್ದರು. ನಲವತ್ತು ತಿಂಗಳು ಕಳೆಯಿತು. ನನ್ನ ಮಗಳು ಅಷ್ಟರಲ್ಲಿ ನಡೆದು, ಮಾತಾಡಿ, ಅಪ್ಪನನ್ನು ನೆಂಟರ ಹಾಗೆ ಬೀಳ್ಕೊಡುವಷ್ಟು ದೊಡ್ಡವಳಾದಳು. ಮೊಗ್ಗು ಇನ್ನೂ ಮೊಗ್ಗೇ.

ದಸರಾ ರಜೆಯಲ್ಲಿ ಇವರು ನಾಲ್ಕು ದಿನ ಮನೆಯಲ್ಲಿದ್ದರು. ಒಂದು ರಾತ್ರಿ ನಾನು ಆಡುವಾಗ ಪಕ್ಕದಲ್ಲಿ ಬಂದು ಕೂತರು. ಅವರಿಗೆ ಗೇಮ್ ಅಂದರೆ ಅಷ್ಟಕ್ಕಷ್ಟೆ, ಹಗಲೆಲ್ಲ ಸ್ಕ್ರೀನ್ ನೋಡಿ ಕಣ್ಣು ಸೋತಿರುತ್ತೆ. ನನ್ನ ಊರಿನಲ್ಲಿ ರಾತ್ರಿ ಎರಡು ಗಂಟೆಗೆ ಒಂದು ರೈಲು ಓಡ್ತಾ ಇತ್ತು, ಒಬ್ಬ ಪ್ರಯಾಣಿಕನೂ ಇಲ್ಲ.

"ಇದನ್ಯಾಕೆ ಓಡಿಸ್ತೀಯ?"

"ಇರ್ಲಿ ಅಂತ. ಯಾರಾದ್ರೂ ಬಂದ್ರೆ."

ನಕ್ಕರು. ಆಮೇಲೆ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಮಗಳ ಡ್ರಾಯಿಂಗ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದೆವು. ಶಿಫ್ಟ್‌ನಲ್ಲಿದ್ದರೆ ಮನೆಗೆ ಬರೋದು ಅಸಾಧ್ಯ. ಬೆಳಗಿನ ಆರಕ್ಕೂ, ರಾತ್ರಿ ಹತ್ತಕ್ಕೂ ಯಾವ ಮೆಟ್ರೋ ಲೆಕ್ಕವೂ ಕೂಡಿ ಬರಲ್ಲ. ಜನರಲ್ ಶಿಫ್ಟ್ ಕೇಳಬೇಕು. ಕೇಳಿದರೆ ಶಿಫ್ಟ್ ಅಲೋವೆನ್ಸ್ ಹೋಯ್ತು, ಓಟಿ ಹೋಯ್ತು. ಎರಡೂ ಸೇರಿ ತಿಂಗಳಿಗೆ ಸುಮಾರು ನಾಲ್ಕು ಸಾವಿರ. ಮೆಟ್ರೋ ದರ ಫೆಬ್ರವರಿಯಲ್ಲಿ ಏರಿತ್ತಲ್ಲ, ಗರಿಷ್ಠ 60 ಇದ್ದದ್ದು 90. ನಮ್ಮದು ಆ ತುದಿಯಿಂದ ಈ ತುದಿ, ಗರಿಷ್ಠವೇ. ದಿನಕ್ಕೆ 180, ಕಾರ್ಡಿನಲ್ಲಿ ಐದು ಪರ್ಸೆಂಟ್ ಕಡಿಮೆ. ಇಪ್ಪತ್ತೈದು ದಿನಕ್ಕೆ ನಾಲ್ಕು ಸಾವಿರದ ಮುನ್ನೂರರ ಹತ್ತಿರ. ಆಟೋ ಬೇರೆ, ಸ್ಕೂಟರ್ ಪಾರ್ಕಿಂಗ್ ಬೇರೆ. ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಉಳಿಯುತ್ತೆ, ಆರು ಸಾವಿರ. ಓನರ್ ಅಂಕಲ್ಲಿನ ಎರಡು ಸಾವಿರ. ಕೂಡಿ ಕಳೆದು ನೋಡಿದರೆ ತಿಂಗಳಿಗೆ ಐದೂವರೆ ಸಾವಿರ ಕೈ ಬಿಡುತ್ತೆ. ನಮ್ಮಂಥವರಿಗೆ ಅದು ಚಿಕ್ಕ ಮೊತ್ತ ಅಲ್ಲ. ಮಗಳ ಸ್ಕೂಲ್ ವ್ಯಾನು, ಅಮ್ಮನ ಮಾತ್ರೆ ಎರಡೂ ಸೇರಿದರೆ ಅಷ್ಟೇ ಆಗುತ್ತೆ.

ಲೆಕ್ಕ ಪ್ರಕಾರ ಮಾಡಬಾರದು. ಎ-ಟ್ರೈನ್ ಆಗಿದ್ದರೆ ಈ ಗಾಡಿಯನ್ನು ನಾನು ಮೊದಲ ವರ್ಷವೇ ನಿಲ್ಲಿಸಿರುತ್ತಿದ್ದೆ.

ಇವರು ಹಾಳೆ ನೋಡುತ್ತಾ ಕೂತಿದ್ದರು. "ದಿನಾ ಅವಳ ಜತೆ ಒಂದು ಗಂಟೆ ಸಿಗುತ್ತೆ. ಎಂಟರಿಂದ ಒಂಬತ್ತು" ಅಂದರು. "ಅದಕ್ಕೆ ನಾಲ್ಕು ಗಂಟೆ ರೈಲಲ್ಲಿ ಕೂರ್ಬೇಕು ರೀ" ಅಂದೆ ನಾನು. ನಿಜ ಹೇಳಬೇಕಂದರೆ, ಬೇಡ ಅನ್ನಲಿ ಅಂತಲೂ ಆಸೆಯಿತ್ತು, ಬರ್ತೀನಿ ಅನ್ನಲಿ ಅಂತಲೂ ಇತ್ತು. ಅವರ ಸೊಂಟ ನನಗೆ ಗೊತ್ತು. ಎರಡು ಗಂಟೆ ನಿಂತು ಬಂದರೆ ರಾತ್ರಿ ಬಿಸಿನೀರಿನ ಚೀಲ ಬೇಕಾಗುತ್ತೆ.

"ಐದನೇ ಗಾಡಿ ಬರ್ಲಿ, ನೋಡೋಣ" ಅಂದು ಮಲಗಿದರು.

ನವೆಂಬರಿನಲ್ಲಿ ಐದನೆಯದು ಬಂತು. 15 ನಿಮಿಷಕ್ಕೊಂದು, ಇವರು ಮಂಚದ ಮೇಲೆ ಮಲಗಿ ಹೇಳಿದ್ದ ಲೆಕ್ಕವೇ. ಆ ಸೋಮವಾರ ಇವರು ಶಾಪಿನಲ್ಲಿ ಕೇಳಿದರು. ಮೂರು ತಿಂಗಳ ಮಟ್ಟಿಗೆ ಜನರಲ್ ಶಿಫ್ಟ್ ಕೊಟ್ಟಿದ್ದಾರೆ, ಆಮೇಲೆ ನೋಡೋಣ ಅಂದಿದ್ದಾರೆ. ದಾಸರಹಳ್ಳಿಯ ಮಂಚವನ್ನು ಬಿಟ್ಟಿಲ್ಲ. ಅರ್ಜೆಂಟ್ ಆರ್ಡರ್ ಇದ್ದ ದಿನ ಅಲ್ಲೇ ಉಳಿಯುತ್ತಾರೆ, ವಾರದಲ್ಲಿ ಒಂದು ದಿನವಾದರೂ ಹಾಗಾಗುತ್ತೆ. ಮೊದಲ ವಾರ ಎರಡು ಸಲ ಆರ್.ವಿ. ರೋಡಿನಲ್ಲಿ ಮೆಟ್ಟಿಲು ಹತ್ತಿ ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತಂತೆ. ಈಗ ಪೀಣ್ಯದಲ್ಲಿ ಎಷ್ಟು ಹೊತ್ತಿಗೆ ಹತ್ತಿದರೆ ಇಲ್ಲಿ ಯಾವ ಗಾಡಿ ಸಿಗುತ್ತೆ ಅಂತ ಒಂದು ಚೀಟಿ ಮಾಡಿ ಫೋನಿನ ಕವರ್ ಹಿಂದೆ ಇಟ್ಟುಕೊಂಡಿದ್ದಾರೆ. ಬಿಸಿನೀರಿನ ಚೀಲ ದಿನಾ ಬೇಕಾಗ್ತಿದೆ. ಅಮ್ಮ ಬೈಯೋದು ನಿಲ್ಲಿಸಿಲ್ಲ, ಆದರೆ ಅಳಿಯಂದಿರಿಗೆ ಅಂತ ಹುರಳಿಕಾಳು ನೆನೆಸೋದನ್ನು ಶುರು ಮಾಡಿದ್ದಾರೆ.

ಆಟ ಆಡೋದು ಕಮ್ಮಿಯಾಗಿದೆ. ನನ್ನ ಊರು ಎರಡು ವಾರದಿಂದ ಮಳೆಗಾಲದ ಒಂದು ಮಧ್ಯಾಹ್ನದಲ್ಲಿ ನಿಂತಿದೆ. ರಾತ್ರಿ ಎರಡರ ಖಾಲಿ ಗಾಡಿಯನ್ನು ಮಾತ್ರ ತೆಗೆದಿಲ್ಲ.

ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಆರ್.ವಿ. ರೋಡಿನಿಂದ ಫೋನ್ ಬರುತ್ತೆ. "ಹತ್ತಿದೆ ಕಣೇ." ಇಷ್ಟೇ ಮಾತು. ನಾನು ಅನ್ನಕ್ಕೆ ಅಕ್ಕಿ ತೊಳೆಯೋಕೆ ಹೋಗುತ್ತೇನೆ. ಮಗಳು ಅಡುಗೆಮನೆ ಬಾಗಿಲಲ್ಲಿ ಕೂತು, ಅಪ್ಪ ಹೇಳಿಕೊಟ್ಟ ಪಟ್ಟಿಯನ್ನು ಬೆರಳು ಮಡಚಿ ಒಪ್ಪಿಸುತ್ತಾಳೆ. ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್. ಬೊಮ್ಮನಹಳ್ಳಿ ಆದಮೇಲೆ ಕೂಡ್ಲು ಗೇಟ್ ಅಂದುಬಿಡುತ್ತಾಳೆ, ದಿನಾ ಹೊಂಗಸಂದ್ರ ತಪ್ಪಿಸುತ್ತಾಳೆ. ಒಳಗಿಂದ ಅಮ್ಮ ತಿದ್ದುತ್ತಾರೆ. ಕೋನಪ್ಪನ ಅಗ್ರಹಾರ ಅನ್ನೋದಕ್ಕೆ ನಾಲಿಗೆ ಹೊರಳಲ್ಲ, ಅದನ್ನು "ಕೋನಪ್ಪ" ಅಂತ ಮುಗಿಸುತ್ತಾಳೆ. ಬಾಯಲ್ಲಿ ಎರಡು ನಿಮಿಷಕ್ಕೆ ಬೊಮ್ಮಸಂದ್ರ ಬಂದುಬಿಡುತ್ತೆ. ಅಪ್ಪ ಇನ್ನೂ ಬಂದಿಲ್ಲ ಅಂತ ಗೊತ್ತಾಗಿ ಮತ್ತೆ ರಾಗಿಗುಡ್ಡದಿಂದ ಶುರು ಮಾಡುತ್ತಾಳೆ. ಒಂದು ದಿನಕ್ಕೆ ಆರೇಳು ಸಲ ಆಗುತ್ತೆ. ಗೇಟಿನ ಹತ್ತಿರ ಸ್ಕೂಟರಿನ ಸದ್ದು ಕೇಳುವ ಹೊತ್ತಿಗೆ ಸಾರಿಗೆ ಒಗ್ಗರಣೆ ಹಾಕಿ ಆಗಿರುತ್ತೆ.